ಕೊಳದಲ್ಲಿ ಗೆದ್ದರು, ದಡದಲ್ಲಿ ತಡೆದರು

“ಬುದ್ಧಿಯಿದ್ದವನನ್ನು ಯಾರೂ ತಡೆಯಲಾರರು, ಬಡತನವೆಂಬುದು ಸೋಮಾರಿಯ ನೆಪ.” ಈ ಉಪದೇಶವನ್ನು ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಬಹುಮಾನ ವಿತರಣೆಯ ಸಭೆಗಳಲ್ಲಿ ಕೇಳದವರು ಯಾರಿದ್ದಾರೆ? ಹೇಳುವವರು ಹೊಟ್ಟೆ ತುಂಬಿದವರು. ಕೇಳುವವರು ಶಾಮಿಯಾನದ ಹೊರಗೆ ಬಿಸಿಲಿನಲ್ಲಿ ನಿಂತವರು. ಈ ಮಾತಿಗೆ ಆಧಾರವೇನು ಎಂದು ಕೇಳಿದರೆ ಅವರ ಜೇಬಿನಲ್ಲಿ ನಾಲ್ಕಾರು ಕಥೆಗಳು ಸದಾ ಸಿದ್ಧವಾಗಿರುತ್ತವೆ. ಯಂತ್ರಮಾನವನನ್ನು, ಅಂದರೆ ರೋಬೋಟನ್ನು, ಕಟ್ಟುವ ವಿದ್ಯಾರ್ಥಿ ಪಂದ್ಯವೊಂದರಲ್ಲಿ ಅಮೆರಿಕದ ನಾಲ್ವರು ಬಡ ಹುಡುಗರು ಅತಿ ದೊಡ್ಡ ವಿದ್ಯಾಸಂಸ್ಥೆಯನ್ನು ಸೋಲಿಸಿದ ಕಥೆ ಅವುಗಳಲ್ಲೊಂದು.

ಕಥೆ ನಿಜ. ಅದನ್ನು ನಾವೂ ಸಂತೋಷದಿಂದ ಹೇಳುತ್ತೇವೆ. ಆದರೆ ಉಪದೇಶಕರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿ ನಾವು ನಿಲ್ಲಿಸುವುದಿಲ್ಲ. ಅರ್ಧ ಹೇಳಿದ ನಿಜ ಅರ್ಧ ತೂಗಿದ ಅಕ್ಕಿಯಂತೆ. ಕೊಂಡವನು ಮನೆಗೆ ಹೋದ ಮೇಲೆ ಮೋಸ ತಿಳಿಯುತ್ತದೆ.

ಪಂದ್ಯ ನಡೆದ ಬಗೆ

ಸಮುದ್ರದ ಆಳದಲ್ಲಿ ಎಣ್ಣೆಬಾವಿ ತೋಡುವಾಗ, ಮುಳುಗಿದ ಹಡಗನ್ನು ಹುಡುಕುವಾಗ, ಮನುಷ್ಯ ಇಳಿಯಲಾಗದ ಕಡೆಗೆ ಒಂದು ಯಂತ್ರವನ್ನು ಇಳಿಸುತ್ತಾರೆ. ಅದಕ್ಕೆ ಕಣ್ಣಿನ ಬದಲು ಕ್ಯಾಮರಾ, ಕಾಲಿನ ಬದಲು ತಿರುಗುವ ಪಂಕಗಳು, ಕೈಯ ಬದಲು ಚಿಮಟ. ದಡದ ಮೇಲೆ ಕುಳಿತವನು ಉದ್ದನೆಯ ಕೇಬಲಿನ ಮೂಲಕ ಅದನ್ನು ನಡೆಸುತ್ತಾನೆ. ಇಂಥ ಯಂತ್ರವನ್ನು ವಿದ್ಯಾರ್ಥಿಗಳೇ ಕಟ್ಟಿ ತಂದು ಸ್ಪರ್ಧಿಸುವ ಪಂದ್ಯವನ್ನು ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿದ್ದ ‘ಮೇಟ್’ ಎಂಬ ಸಾಗರ ತಂತ್ರಶಿಕ್ಷಣ ಕೇಂದ್ರ 2002ರಲ್ಲಿ ಆರಂಭಿಸಿತು. 2004ರ ಜೂನ್ ತಿಂಗಳಲ್ಲಿ ಪಂದ್ಯ ನಡೆದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ ಈಜುಕೊಳದಲ್ಲಿ. ನೀರಿನ ತಳದಲ್ಲಿ ಮುಳುಗಿದ ಜಲಾಂತರ್ಗಾಮಿಯ ಒಂದು ಅಣಕು ಮಾದರಿ. ಅದರ ಉದ್ದ ಅಳೆಯಬೇಕು, ಆಳ ಹೇಳಬೇಕು, ತಳದ ಪೀಪಾಯಿಯೊಳಗಿನ ದ್ರವವನ್ನು ಹೀರಿ ಮೇಲಕ್ಕೆ ತರಬೇಕು. ಇವೇ ಮೊದಲಾದ ಕೆಲಸಗಳನ್ನೆಲ್ಲ ಗೊತ್ತಾದ ಅವಧಿಯೊಳಗೆ ಮುಗಿಸಬೇಕು.

ಈ ಪಂದ್ಯಕ್ಕೆ ಮರುಭೂಮಿಯ ನಗರವಾದ ಅರಿಜೋನಾದ ಫೀನಿಕ್ಸ್‌ನಿಂದ ಕಾರ್ಲ್ ಹೇಡನ್ ಎಂಬ ಸರಕಾರಿ ಪ್ರೌಢಶಾಲೆಯ ತಂಡ ಬಂದಿತು. ಆ ಶಾಲೆಯ ಮಕ್ಕಳಲ್ಲಿ ಬಹುಪಾಲು ಮೆಕ್ಸಿಕೋ ಮೂಲದ ಕೂಲಿಕಾರರ ಮಕ್ಕಳು. ತಂಡದಲ್ಲಿ ನಾಲ್ವರು: ಆಸ್ಕರ್ ವಾಸ್ಕೆಸ್, ಕ್ರಿಶ್ಚಿಯನ್ ಆರ್ಸೆಗಾ, ಲೊರೆಂಜೊ ಸಾಂತಿಯಾನ್, ಲೂಯಿಸ್ ಅರಾಂಡಾ. ನಾಲ್ವರೂ ಮೆಕ್ಸಿಕೋದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಗಳ ಜೊತೆ ಗಡಿ ದಾಟಿ ಬಂದು, ವಾಸದ ಕಾಗದಪತ್ರವಿಲ್ಲದೆ ಬೆಳೆದವರು. ಅವರನ್ನು ಕೂಡಿಸಿ ಕೆಲಸಕ್ಕೆ ಹಚ್ಚಿದವರು ಫ್ರೆಡಿ ಲಾಜ್ವರ್ದಿ ಮತ್ತು ಆಲನ್ ಕ್ಯಾಮರಾನ್ ಎಂಬ ಇಬ್ಬರು ಉಪಾಧ್ಯಾಯರು. ಪ್ರೌಢಶಾಲೆಗಳಿಗೆಂದು ಇದ್ದ ಕೆಳಗಿನ ವರ್ಗವನ್ನು ಬಿಟ್ಟು, ಕಾಲೇಜುಗಳು ಸ್ಪರ್ಧಿಸುವ ಮೇಲಿನ ವರ್ಗಕ್ಕೇ ಅವರು ಹೆಸರು ಕೊಟ್ಟರು. ಸೋತರೂ ದೊಡ್ಡವರ ಕೈಯಲ್ಲಿ ಸೋತರೆ ಅವಮಾನವಿಲ್ಲ ಎಂಬುದು ಅವರ ಲೆಕ್ಕ.

ಆ ವರ್ಗದಲ್ಲಿ ಎದುರಾಳಿಯಾಗಿ ಇದ್ದದ್ದು ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆ, ಜಗತ್ತೆಲ್ಲ ಎಂ.ಐ.ಟಿ. ಎಂದು ಕರೆಯುವ ಸಂಸ್ಥೆ. ಅದರ ಯಂತ್ರದ ಮೈಮೇಲೆ ಎಕ್ಸಾನ್‌ಮೊಬಿಲ್ ಎಂಬ ಎಣ್ಣೆ ಕಂಪನಿಯ ಗುರುತು ಅಂಟಿಸಿತ್ತು. ಆ ತಂಡದ ಖರ್ಚು ಹತ್ತು ಸಾವಿರ ಡಾಲರ್ ದಾಟಿತ್ತು. ಕಾರ್ಲ್ ಹೇಡನ್ ಹುಡುಗರ ಬಳಿ ಇದ್ದದ್ದು ಸುಮಾರು 800 ಡಾಲರ್. ಅವರ ಯಂತ್ರದ ಎಲುಬು ನಮ್ಮ ಮನೆಗಳ ನಲ್ಲಿಗೆ ಹಾಕುವಂಥ ಪಿ.ವಿ.ಸಿ. ಕೊಳವೆ. ಕೊಳವೆ ಜೋಡಿಸುವ ಅಂಟಿನ ದುರ್ನಾತಕ್ಕೆ ಹುಡುಗರು ಅದಕ್ಕೆ ‘ಸ್ಟಿಂಕಿ’, ಎಂದರೆ ‘ನಾರುವವ’, ಎಂದು ಹೆಸರಿಟ್ಟರು. ವಿದ್ಯುತ್ ಭಾಗಗಳಿಗೆ ಮನೆ ನೀರು ಹೊಗದ ಒಂದು ಕೈಪೆಟ್ಟಿಗೆ.

ಪರೀಕ್ಷೆಗೆ ಇಳಿಸಿದಾಗ ಆ ಪೆಟ್ಟಿಗೆಯೊಳಗೇ ನೀರು ಜಿನುಗಿತು. ಬಿಡಿ ಭಾಗ ತರಲು ಹಣವಿಲ್ಲ, ಹೊಸದು ಕಟ್ಟಲು ಸಮಯವಿಲ್ಲ. ನೀರು ಒಳಗೆ ಬರುವುದನ್ನು ತಡೆಯಲಾಗದಿದ್ದರೆ ಬಂದ ನೀರನ್ನು ಹೀರಿಸಿಬಿಡೋಣ ಎಂದು ಲೊರೆಂಜೊ ಯೋಚಿಸಿದ. ಹೆಂಗಸರು ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪನ್ ಎಂಬ ಹೀರುಸುರುಳಿಗಳನ್ನು ಅಂಗಡಿಯಿಂದ ತಂದು ಪೆಟ್ಟಿಗೆಯೊಳಗೆ ಜೋಡಿಸಿದರು. ರಾತ್ರಿಯೆಲ್ಲ ಕೂತು ಬಿಟ್ಟುಹೋದ ತಂತಿಗಳನ್ನು ಮತ್ತೆ ಬೆಸುಗೆ ಹಾಕಿದರು. ಎಂಜಿನಿಯರು ಬರುವವರೆಗೆ ಕಾಯದೆ ಚಿಂದಿ ಬಟ್ಟೆ, ದಾರ, ತಂತಿ ಸುತ್ತಿ ಪಾಳಿ ಮುಗಿಯುವತನಕ ಯಂತ್ರ ಓಡಿಸಿದ ಗಿರಣಿ ಫಿಟ್ಟರನಿಗೆ ಈ ಉಪಾಯದ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ.

ತೀರ್ಪು ಬಂದಾಗ ವಿನ್ಯಾಸದ ಅಚ್ಚುಕಟ್ಟುತನಕ್ಕೆ ಕೊಡುವ ಬಹುಮಾನ ಕಾರ್ಲ್ ಹೇಡನ್ ತಂಡಕ್ಕೆ ಬಂತು. ತಾಂತ್ರಿಕ ವರದಿಯ ಬರವಣಿಗೆಗೆ ಕೊಡುವ ಬಹುಮಾನವೂ ಬಂತು, ಅದೂ ಮನೆಯಲ್ಲಿ ಸ್ಪ್ಯಾನಿಷ್ ಆಡುವ ಹುಡುಗರು ಇಂಗ್ಲಿಷಿನಲ್ಲಿ ಬರೆದ ವರದಿಗೆ! ಕೊನೆಗೆ ಒಟ್ಟಾರೆ ಪ್ರಥಮ ಸ್ಥಾನವೂ ಅವರದೇ. ಎಂ.ಐ.ಟಿ. ಎರಡನೆಯದು.

ತಕ್ಕಡಿ ಯಾರದು?

ಉಪದೇಶಕರು ಇಲ್ಲಿಗೆ ಕಥೆ ನಿಲ್ಲಿಸಿ ನಮ್ಮ ಕಡೆ ತಿರುಗಿ, “ನೋಡಿ, 800 ಡಾಲರಿನಲ್ಲಿ ಗೆಲ್ಲಬಹುದಾದರೆ ಸರಕಾರದ ಹಣ ಏತಕ್ಕೆ?” ಎನ್ನುತ್ತಾರೆ. ಅಂಗಡಿ ನಡೆಸುವ ನಮ್ಮ ಓದುಗರಿಗೆ ಲೆಕ್ಕ ಬರೆಯುವ ಕ್ರಮ ಗೊತ್ತು. ಈ ಲೆಕ್ಕವನ್ನೂ ಸರಿಯಾಗಿ ಬರೆಯೋಣ.

ಕೊಳವೆ, ಅಂಟು, ತಂತಿಗಳಿಗೆ 800 ಡಾಲರ್ ಆಯಿತು. ಇಬ್ಬರು ಉಪಾಧ್ಯಾಯರ ಸಂಬಳ ಯಾವ ಖಾತೆಯದು? ಸಾರ್ವಜನಿಕ ಖಜಾನೆಯದು. ಶಾಲೆಯ ಕೋಣೆ, ಉಪಕರಣ, ವಿದ್ಯುತ್ತು ಯಾರವು? ಸಾರ್ವಜನಿಕರವು. ಪಂದ್ಯ ನಡೆದ ಕೊಳ ಯಾರದು? ರಾಜ್ಯ ನಡೆಸುವ ವಿಶ್ವವಿದ್ಯಾಲಯದ್ದು. ಪಂದ್ಯ ನಡೆಸಿದ ‘ಮೇಟ್’ ಕೇಂದ್ರ 1997ರಲ್ಲಿ ಹುಟ್ಟಿದ್ದು ಅಮೆರಿಕ ಸರಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ. ಅದು ನೆಲೆ ನಿಂತದ್ದು ಎರಡು ವರ್ಷದ ಒಂದು ಸಾರ್ವಜನಿಕ ಕಾಲೇಜಿನಲ್ಲಿ. ಕಾಗದಪತ್ರವಿಲ್ಲದ ಆ ಹುಡುಗರು ಶಾಲೆಯ ಬೆಂಚಿನ ಮೇಲೆ ಕೂರಲು ಸಾಧ್ಯವಾದದ್ದಾದರೂ ಹೇಗೆ? ವಾಸದ ಪತ್ರವಿಲ್ಲವೆಂಬ ಕಾರಣಕ್ಕೆ ಯಾವ ರಾಜ್ಯವೂ ಮಗುವಿಗೆ ಶಾಲೆಯ ಬಾಗಿಲು ಮುಚ್ಚಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟು 1982ರಲ್ಲಿ ‘ಪ್ಲೈಲರ್ ವಿರುದ್ಧ ಡೋ’ ಎಂಬ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ.

ಹುಡುಗರ ಬುದ್ಧಿ ಅವರದೇ, ಬೆವರೂ ಅವರದೇ. ಅದರಲ್ಲಿ ಪಾಲು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಬುದ್ಧಿ ನಿಂತು ತೂಗಿಸಿಕೊಂಡ ತಕ್ಕಡಿಯನ್ನು ಕಟ್ಟಿದ್ದು ಜನರ ತೆರಿಗೆ ಹಣ, ಜನಪರವಾದ ಒಂದು ಕಾನೂನು ಮತ್ತು ಸರಕಾರಿ ಮೇಷ್ಟ್ರುಗಳ ಶ್ರಮ. ಇವನ್ನೆಲ್ಲ ಅಳಿಸಿ “ಪ್ರತಿಭೆಯೊಂದೇ ಗೆದ್ದಿತು” ಎನ್ನುವವರು ಖಾತೆ ತಿದ್ದುವ ಗುಮಾಸ್ತರು. ಈ ಕಥೆಯನ್ನು ಹಾಲಿವುಡ್ಡಿನವರು 2015ರಲ್ಲಿ ‘ಸ್ಪೇರ್ ಪಾರ್ಟ್ಸ್’ ಎಂಬ ಚಲನಚಿತ್ರ ಮಾಡಿದಾಗ ಇಬ್ಬರು ಉಪಾಧ್ಯಾಯರನ್ನು ಕರಗಿಸಿ ಫ್ರೆಡಿ ಕ್ಯಾಮರಾನ್ ಎಂಬ ಒಬ್ಬ ನಾಯಕನನ್ನು ಎರಕ ಹೊಯ್ದರು. ಕೂಡಿ ದುಡಿದವರ ಕೆಲಸ ಪರದೆಯ ಮೇಲೆ ಒಬ್ಬನದಾಗಿಯೇ ಕಾಣಬೇಕು. ಇದು ಬಂಡವಾಳದ ಲೋಕದ ಹಳೆಯ ಚಟ.

ದಡದ ಮೇಲೆ ಏನಾಯಿತು?

ಕೊಳದಲ್ಲಿ ಎಲ್ಲರಿಗೂ ಒಂದೇ ನೀರು, ಒಂದೇ ಗಡಿಯಾರ, ಅದೇ ಕೆಲಸ. ತೀರ್ಪುಗಾರರು ಯಾರ ತಂದೆ ಏನು ಕೆಲಸ ಮಾಡುತ್ತಾನೆಂದು ಕೇಳಲಿಲ್ಲ. ಅಲ್ಲಿ ನ್ಯಾಯವಿತ್ತು, ಆದ್ದರಿಂದ ಅಲ್ಲಿ ಅವರು ಗೆದ್ದರು. ದಡ ಹತ್ತಿದ ಕೂಡಲೆ ಕಾನೂನು ಎದುರು ನಿಂತಿತು.

ಎರಡು ವರ್ಷದ ಮೇಲೆ, 2006ರ ನವೆಂಬರಿನಲ್ಲಿ, ಅರಿಜೋನಾದಲ್ಲಿ ‘300ನೇ ಪ್ರಸ್ತಾವ’ ಜನಮತಕ್ಕೆ ಬಂದಿತು. ಕಾಗದಪತ್ರವಿಲ್ಲದ ವಿದ್ಯಾರ್ಥಿಗಳು ಅದೇ ರಾಜ್ಯದಲ್ಲಿ ಬೆಳೆದಿದ್ದರೂ ಸರಕಾರಿ ಕಾಲೇಜುಗಳಲ್ಲಿ ಹೊರರಾಜ್ಯದವರ ದುಬಾರಿ ಶುಲ್ಕವನ್ನೇ ಕೊಡಬೇಕು, ರಾಜ್ಯದ ವಿದ್ಯಾರ್ಥಿವೇತನವೂ ಸಿಗಕೂಡದು ಎಂಬುದು ಅದರ ಸಾರ. ಮತ ಹಾಕಿದ ಹತ್ತು ಮಂದಿಯಲ್ಲಿ ಏಳು ಮಂದಿ ಹೌದೆಂದರು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ರಿಶ್ಚಿಯನ್ ಆರ್ಸೆಗಾ ಶುಲ್ಕ ಕಟ್ಟಲಾರದೆ ಹೊರಬಂದ. ಮನೆ ಕಟ್ಟುವ ಸಾಮಾನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ಲೊರೆಂಜೊ ಅಡುಗೆಯ ಕಸುಬು ಕಲಿತು ಮುಂದೆ ಲೂಯಿಸನ ಜೊತೆ ಕೂಡಿ ಊಟ ಒದಗಿಸುವ ವ್ಯಾಪಾರ ಹಿಡಿದ. ಅಂಗಡಿಯ ಕೆಲಸ ಕೀಳೆಂದಾಗಲಿ, ಅಡುಗೆ ಕೀಳೆಂದಾಗಲಿ ನಾವು ಹೇಳುವುದಿಲ್ಲ. ನಮ್ಮ ಓದುಗರಲ್ಲಿ ಅರ್ಧದಷ್ಟು ಜನ ಅಂಗಡಿಯಿಂದಲೇ ಉಣ್ಣುವವರು. ತಾನಾಗಿ ಆರಿಸಿಕೊಂಡು ಅಂಗಡಿಗೆ ಬರುವುದು ಬೇರೆ, ಕಾಲೇಜಿನ ಗೇಟಿನಿಂದ ತಳ್ಳಿಸಿಕೊಂಡು ಅಂಗಡಿಗೆ ಬರುವುದು ಬೇರೆ.

ಆಸ್ಕರ್ ವಾಸ್ಕೆಸ್‌ನ ಕಥೆ ಇನ್ನೂ ಕಟುವಾದುದು. ಶಾಲೆಯಲ್ಲಿದ್ದಾಗ ಅವನಿಗೆ ಸೈನ್ಯ ಸೇರುವ ಆಸೆ. ಕಾಗದಪತ್ರವಿಲ್ಲವೆಂದು ಅದು ಆಗಲಿಲ್ಲ. ಆ ಮೇಲೆ ರೋಬೋಟು. ಹೇಗೋ ಹಣ ಹೊಂದಿಸಿ 2009ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಪದವಿ ಕೈಯಲ್ಲಿದೆ, ಕೆಲಸ ಮಾಡಲು ಪರವಾನಗಿ ಇಲ್ಲ! ಕಾನೂನಿನ ದಾರಿಯಲ್ಲೇ ಬರೋಣವೆಂದು ಅವನು ಹೆಂಡತಿ ಮಗುವನ್ನು ಬಿಟ್ಟು ತಾನಾಗಿ ಮೆಕ್ಸಿಕೋಗೆ ಹೋಗಿ ಅರ್ಜಿ ಹಾಕಿದ. ಪ್ರಾಮಾಣಿಕತೆಗೆ ಸಿಕ್ಕ ಉತ್ತರ: ಹತ್ತು ವರ್ಷ ಈ ಕಡೆ ತಲೆ ಹಾಕಕೂಡದು. ಎಂ.ಐ.ಟಿ.ಯನ್ನು ಸೋಲಿಸಿದ ಎಂಜಿನಿಯರು ಅಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಾಲಿನಲ್ಲಿ ನಿಂತು ದುಡಿದ. ಸೆನೆಟರ್ ಡಿಕ್ ಡರ್ಬಿನ್ ಅವನ ಹೆಸರನ್ನು ಶಾಸನಸಭೆಯಲ್ಲೇ ಎತ್ತಿದ ಮೇಲೆ 2010ರಲ್ಲಿ ಹಿಂದಿರುಗಲು ಅನುಮತಿ ಸಿಕ್ಕಿತು. ಬಂದವನು ಅಮೆರಿಕದ ಸೈನ್ಯ ಸೇರಿ ಆಫ್ಘಾನಿಸ್ತಾನದ ಯುದ್ಧಕ್ಕೆ ಹೋದ.

ಅವನಿಗೆ ಅದು ಬಾಲ್ಯದ ಆಸೆ. ಅವನನ್ನು ನಾವು ದೂರುವುದಿಲ್ಲ. ರಾಜ್ಯವನ್ನು ಮಾತ್ರ ಕೇಳುತ್ತೇವೆ: ಒಬ್ಬನ ಹಕ್ಕನ್ನು ಗುರುತಿಸಬೇಕಾದರೆ ಒಬ್ಬ ಸೆನೆಟರು ಎದ್ದು ಮಾತಾಡಬೇಕೆ? ಸೆನೆಟರ ಬಾಯಲ್ಲಿ ಹೆಸರು ಬಾರದವರ ಗತಿಯೇನು? ಅಂಥವರ ಪರವಾಗಿ ‘ಡ್ರೀಮ್ ಆಕ್ಟ್’ ಎಂಬ ಮಸೂದೆ 2001ರಿಂದಲೂ ವಾಷಿಂಗ್ಟನ್ನಿನಲ್ಲಿ ತೆವಳುತ್ತಿತ್ತು. 2010ರ ಡಿಸೆಂಬರಿನಲ್ಲಿ ಕೆಳಮನೆಯಲ್ಲಿ ಗೆದ್ದು ಸೆನೆಟಿಗೆ ಬಂದಾಗ ಪರವಾಗಿ 55 ಮತ, ವಿರುದ್ಧವಾಗಿ 41. ಆದರೂ ಅದು ಬಿದ್ದುಹೋಯಿತು! ಚರ್ಚೆ ಮುಗಿಸಿ ಮತಕ್ಕೆ ಹಾಕಲು ಅಲ್ಲಿನ ನಿಯಮದಂತೆ 60 ಬೇಕಂತೆ. ಹೆಚ್ಚು ಮತ ಬಂದವನು ಸೋಲುವ ಪಂದ್ಯವನ್ನು ಆ ಈಜುಕೊಳದ ತೀರ್ಪುಗಾರರು ಕಂಡಿದ್ದರೆ ನಕ್ಕುಬಿಡುತ್ತಿದ್ದರು.

“ಕಾನೂನು ಕಾನೂನೇ”

“ಪತ್ರವಿಲ್ಲದೆ ಬಂದದ್ದು ತಪ್ಪಲ್ಲವೆ? ಕಾನೂನು ಕಾನೂನೇ” ಎನ್ನುವ ಸಭ್ಯರೂ ಇದ್ದಾರೆ. ಅವರಿಗೆ ನಮ್ಮ ಉತ್ತರ ಮೂರು ಮಾತಿನದು.

ತಾಯಿಯ ಕೈ ಹಿಡಿದು ಬಂದ ಮಗು ಯಾವ ಅಪರಾಧ ಮಾಡಿತು? ಇದು ಮೊದಲನೆಯದು. ಅರಿಜೋನಾದ ತೋಟಗಳಲ್ಲಿ, ಮನೆ ಕಟ್ಟುವ ಬಯಲುಗಳಲ್ಲಿ, ಹೋಟೆಲುಗಳ ಅಡುಗೆಮನೆಗಳಲ್ಲಿ ಇಂಥವರ ತಂದೆತಾಯಿಗಳನ್ನು ಕಡಿಮೆ ಕೂಲಿಗೆ ದುಡಿಸಿಕೊಳ್ಳುವಾಗ ಧಣಿಗಳಿಗೆ ಕಾಗದಪತ್ರದ ನೆನಪಾಗುವುದಿಲ್ಲ. ಮಗ ಕಾಲೇಜಿಗೆ ಹೊರಟಾಗ ಮಾತ್ರ ನೆನಪಾಗುತ್ತದೆ. ಇದು ಎರಡನೆಯದು. ಬೆವರಿಗೆ ಗಡಿಯಿಲ್ಲ, ಪುಸ್ತಕಕ್ಕೆ ಗಡಿಯುಂಟು! ಮೂರನೆಯದು ಶುದ್ಧ ವ್ಯಾಪಾರದ ಮಾತು. ಹನ್ನೆರಡು ವರ್ಷ ಜನರ ಹಣದಿಂದ ಓದಿಸಿ, ಬೆಳೆ ಕೊಯ್ಯುವ ಹೊತ್ತಿಗೆ ಹೊಲಕ್ಕೆ ಬೇಲಿ ಹಾಕುವ ರೈತನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅರಿಜೋನಾ ಮಾಡಿದ್ದು ಅದನ್ನೇ.

ಅದು ತಪ್ಪೆಂದು ಕೊನೆಗೆ ಅಲ್ಲಿನ ಜನರೇ ಒಪ್ಪಿದರು. 2022ರ ನವೆಂಬರಿನಲ್ಲಿ ‘308ನೇ ಪ್ರಸ್ತಾವ’ ಸ್ವಲ್ಪದರಲ್ಲೇ ಗೆದ್ದಿತು. ಆ ರಾಜ್ಯದ ಪ್ರೌಢಶಾಲೆಯಲ್ಲಿ ಎರಡು ವರ್ಷ ಓದಿ ತೇರ್ಗಡೆಯಾದವರಿಗೆ, ಪತ್ರವಿರಲಿ ಇಲ್ಲದಿರಲಿ, ರಾಜ್ಯದವರ ಶುಲ್ಕವೇ ಅನ್ವಯಿಸುವಂತಾಯಿತು. 2006ರಲ್ಲಿ ಹಾಕಿದ ಬೇಲಿ ಕೀಳಲು ಹದಿನಾರು ವರ್ಷ ಬೇಕಾಯಿತು. ಬೇಲಿ ತಾನಾಗಿ ಬೀಳಲಿಲ್ಲ. ವಿದ್ಯಾರ್ಥಿಗಳು, ಉಪಾಧ್ಯಾಯರು ಮನೆ ಮನೆ ತಿರುಗಿ ಮತ ಕೇಳಿದ್ದರಿಂದ ಬಿದ್ದಿತು. ಕಪ್ಪಿನಿಂದ ಆಗದ ಕೆಲಸ ಸಂಘಟನೆಯಿಂದ ಆಯಿತು.

ಗಡಿಯ ಬಾಗಿಲು ಕಾಯುವ ಈ ರೋಗ ಅರಿಜೋನಾ ಒಂದರದೇ ಅಲ್ಲ. 2017ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ‘ಫಸ್ಟ್ ಗ್ಲೋಬಲ್’ ಎಂಬ ಅಂತರರಾಷ್ಟ್ರೀಯ ರೋಬೋಟ್ ಪಂದ್ಯಕ್ಕೆ ಆಫ್ಘಾನಿಸ್ತಾನದ ಹೆರಾತಿನಿಂದ ಹೆಣ್ಣುಮಕ್ಕಳ ತಂಡ ಹೊರಟಾಗ ವೀಸಾ ಎರಡು ಸಲ ನಿರಾಕರಿಸಲ್ಪಟ್ಟಿತು. ಜಗತ್ತಿನ ಪತ್ರಿಕೆಗಳೆಲ್ಲ ಛೀಮಾರಿ ಹಾಕಿದ ಮೇಲೆ ಬಾಗಿಲು ತೆರೆಯಿತು. ತಮ್ಮ ಸೈನ್ಯವನ್ನು ಆ ದೇಶಕ್ಕೆ ಕಳುಹಿಸುವಾಗ ಇವರು ಯಾರ ವೀಸಾ ಕೇಳಿದ್ದರು?

ನಮಗೇನು ಇದರಿಂದ?

ದೂರದ ದೇಶದ ಮಾತು, ನಮಗೇಕೆ ಎನ್ನಬೇಡಿ. ನಮ್ಮ ಕೇಂದ್ರ ಸರಕಾರವೂ 2016ರಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ ಎಂಬ ಯೋಜನೆ ಆರಂಭಿಸಿ, ಆರನೆಯ ತರಗತಿಯಿಂದ ಹನ್ನೆರಡನೆಯದರವರೆಗಿನ ಮಕ್ಕಳು ರೋಬೋಟು ಮೊದಲಾದವನ್ನು ಕೈಯಾರೆ ಕಟ್ಟಿ ಕಲಿಯಲೆಂದು ಆಯ್ದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಕೊಡತೊಡಗಿತು. ಉದ್ದೇಶ ಒಳ್ಳೆಯದು, ನಾವು ಸ್ವಾಗತಿಸುತ್ತೇವೆ. ಆದರೆ ಅರ್ಜಿ ಹಾಕುವ ಶಾಲೆ ತೋರಿಸಬೇಕಾಗಿದ್ದ ಅರ್ಹತೆಗಳೇನು? ಬಯಲುಸೀಮೆಯಲ್ಲಾದರೆ 1500 ಚದರಡಿಯ ಕಟ್ಟಡ, ಕಂಪ್ಯೂಟರು, ಇಂಟರ್ನೆಟ್ಟು, ಕೈಕೊಡದ ವಿದ್ಯುತ್ತು. ಖಾಸಗಿ ಶಾಲೆಗಳೂ ಅದೇ ಸಾಲಿನಲ್ಲಿ ನಿಂತು ಅರ್ಜಿ ಹಾಕಬಹುದಿತ್ತು. ಇರುವವನಿಗೆ ಇನ್ನಷ್ಟು ಕೊಡು, ಇಲ್ಲದವನಿಗೆ ಅರ್ಜಿ ನಮೂನೆ ಕೊಡು! 2025ರ ಮುಂಗಡಪತ್ರದಲ್ಲಿ ಸರಕಾರಿ ಶಾಲೆಗಳಲ್ಲಿ ಐದು ವರ್ಷಗಳೊಳಗೆ ಇಂಥ 50,000 ಕೋಣೆಗಳನ್ನು ತೆರೆಯುವುದಾಗಿ ಘೋಷಿಸಿದ್ದಾರೆ. ಘೋಷಣೆಯನ್ನು ಕೊರಳಪಟ್ಟಿ ಹಿಡಿದು ಕೆಲಸಕ್ಕೆ ತರಿಸುವುದು ನಮ್ಮ ಪಾಲಿನದು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ:

1. ಯಂತ್ರದ ಕೋಣೆ ಮೊದಲು ಬರಬೇಕಾದದ್ದು ಏನೂ ಇಲ್ಲದ ಸರಕಾರಿ ಶಾಲೆಗೆ. ಕಟ್ಟಡವಿಲ್ಲದಿದ್ದರೆ ಕಟ್ಟಡವನ್ನೂ ಸೇರಿಸಿ ಕೊಡಬೇಕು. ಇಲ್ಲವೆಂಬುದನ್ನು ಅನರ್ಹತೆ ಮಾಡಕೂಡದು.

2. ಕೋಣೆಯ ಜೊತೆ ಉಪಾಧ್ಯಾಯರು ಬರಬೇಕು, ಪೂರ್ಣ ಸಂಬಳದ ಕಾಯಂ ಉಪಾಧ್ಯಾಯರು. ಕಾರ್ಲ್ ಹೇಡನ್ ಗೆದ್ದದ್ದು ಪೆಟ್ಟಿಗೆಯಿಂದಲ್ಲ, ಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ಇಬ್ಬರು ಮೇಷ್ಟ್ರುಗಳಿಂದ. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವ ಯಂತ್ರ ಯಾರಿಗೂ ವಿದ್ಯೆ ಕಲಿಸದು.

3. ಪಂದ್ಯಕ್ಕೆ ಹೋಗುವ ಮಕ್ಕಳ ಪ್ರವೇಶ ಶುಲ್ಕ, ಪ್ರಯಾಣ, ಊಟದ ಖರ್ಚನ್ನು ಸರಕಾರ ಹೊರಬೇಕು. ಅಮೆರಿಕದ ‘ಫಸ್ಟ್’ ಸಂಸ್ಥೆಯ ದೊಡ್ಡ ಪಂದ್ಯಕ್ಕೆ ಒಂದು ತಂಡದ ಪ್ರವೇಶ ಶುಲ್ಕವೇ ಐದು ಸಾವಿರ ಡಾಲರಿಗಿಂತ ಹೆಚ್ಚು. ಇಂಥ ಶುಲ್ಕದ ಹೊಸ್ತಿಲನ್ನು ಇಲ್ಲಿಯೂ ಕಟ್ಟಿ, ಆಮೇಲೆ ಒಳಗೆ ಬಂದವರೇ ಬುದ್ಧಿವಂತರೆಂದು ಸಾರುವುದನ್ನು ನಾವು ಒಪ್ಪೆವು.

4. ಗೆದ್ದ ಮಗುವಿಗೆ ಹಾರ ಹಾಕಿ ಫೋಟೋ ತೆಗೆಸಿದರೆ ಸಾಲದು. ಕಾಲೇಜಿನ ಕೊನೆಯ ವರ್ಷದವರೆಗೆ ಶುಲ್ಕವಿಲ್ಲದ ಓದು ಬೇಕು. ಗೆದ್ದವರಿಗೂ ಬೇಕು, ಸೋತವರಿಗೂ ಬೇಕು.

ಕೊನೆಯ ಮಾತನ್ನು ಒತ್ತಿ ಹೇಳುತ್ತೇವೆ. ಪಂದ್ಯಕ್ಕೆ ಒಬ್ಬನೇ ಪ್ರಥಮ, ಆದರೆ ವಿದ್ಯೆಗೆ ಎಲ್ಲರೂ ಹಕ್ಕುದಾರರು. ಎಂ.ಐ.ಟಿ.ಯನ್ನು ಸೋಲಿಸಿದರೆ ಮಾತ್ರ ಬಡವನ ಮಗ ಓದಲು ಯೋಗ್ಯನೆಂದರೆ, ಸೋಲಿಸದ ಲಕ್ಷಾಂತರ ಮಕ್ಕಳನ್ನು ಎಲ್ಲಿಗೆ ಕಳುಹಿಸುತ್ತೀರಿ? ಶ್ರೀಮಂತನ ಮಗ ಯಾರನ್ನೂ ಸೋಲಿಸದೆಯೇ ಕಾಲೇಜು ಸೇರುತ್ತಾನಲ್ಲ!

ಗಿರಣಿಯ ಬಾಂಧವರೇ, ಅಂಗಡಿಯ ಬಾಂಧವರೇ, ಯಂತ್ರದ ಮುಂದೆ ನಿಮ್ಮ ಮಕ್ಕಳ ಕೈ ನಡುಗುವುದಿಲ್ಲ. ಯಂತ್ರವನ್ನು ಓಡಿಸುತ್ತ, ರಿಪೇರಿ ಮಾಡುತ್ತ, ಅದರ ಸದ್ದಿನಲ್ಲೇ ಬದುಕಿದ ಮನೆಗಳಿಂದ ಅವರು ಬಂದವರು. ಅವರಿಗೆ ಬೇಕಾದದ್ದು ಒಂದು ಕೋಣೆ, ಒಂದಿಷ್ಟು ಕೊಳವೆ ತಂತಿ, ಸಂಜೆ ಮನೆಗೆ ಓಡದೆ ಜೊತೆಗೆ ಕೂರುವ ಮೇಷ್ಟ್ರು, ಮತ್ತು ಗೆದ್ದು ಬಂದಾಗ ತೆರೆದಿರುವ ಕಾಲೇಜಿನ ಬಾಗಿಲು. ಬರುವ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಪ್ಪದೆ ಹೋಗಿ. ಯಂತ್ರದ ಕೋಣೆ ಎಲ್ಲಿ, ಮೇಷ್ಟ್ರು ಎಲ್ಲಿ, ಕೀಲಿಕೈ ಯಾರ ಬಳಿ ಎಂದು ಕೇಳಿ. ಉತ್ತರ ಬಾರದಿದ್ದರೆ ಒಬ್ಬೊಬ್ಬರಾಗಿ ಹಿಂದಿರುಗದೆ ಒಟ್ಟಾಗಿ ತಾಲ್ಲೂಕು ಕಚೇರಿಗೆ ನಡೆಯಿರಿ.